ಎಂಟು ಸೆಕೆಂಡಿನ ಬೀಗ

ಬೆಳಗಿನ ತಿಂಡಿಯ ಹೊತ್ತಿಗೆ, ತನ್ನ ಬೀಗದಂಗಡಿಗೆ ಗಿರಾಕಿಗಳೇ ಇಲ್ಲ ಅಂತ ಬೀಗದಣ್ಣ ನಿಟ್ಟುಸಿರು ಬಿಟ್ಟದ್ದೇ ತಪ್ಪಾಯಿತು. ಎದುರಿಗೆ ಕೂತಿದ್ದವಳು ನಾದಿನಿ. ಅಂಗಡಿಯವರಿಗೆಲ್ಲ ಫೋನಿನಲ್ಲಿ ಜಾಹೀರಾತು ಮಾಡಿಕೊಡುವುದೇ ಅವಳ ಕಸುಬು. ಹುಲಿಯ ಮುಂದೆ ಕುರಿ ಬ್ಯಾ ಅಂದ ಹಾಗಾಯಿತು.

“ಭಾವ, ಕೀಲಿ ಕಳ್ಕೊಂಡವರು ಮೊದ್ಲು ಎಲ್ಲಿಗೆ ಹೋಗ್ತಾರೆ ಹೇಳಿ? ಫೋನಿಗೆ. ನೀವು ಅಲ್ಲಿರಬೇಕು.”

ಕೈ ತೊಳೆಯುವಷ್ಟರಲ್ಲಿ ಅಂಗಡಿಯಲ್ಲಿ ವಿಡಿಯೋ ಶುರುವಾಯಿತು. ಕಪಾಟಿನಲ್ಲಿದ್ದ ಅತಿ ಗಟ್ಟಿ ಬೀಗವನ್ನು ಹೊರತೆಗೆದು, ಅದುಮಿ ಮುಚ್ಚಿ, ಕೀಲಿಯನ್ನು ದೂರವಿಟ್ಟು, ಬೀಗದಣ್ಣ ತಂತಿ ತೂರಿಸಿದ. ಜಪ್ಪಯ್ಯ ಅಂದರೂ ಬೀಗ ಜಗ್ಗಲಿಲ್ಲ. ತಂತಿ ಬದಲಾಯಿಸಿದ, ಎಣ್ಣೆ ಬಿಟ್ಟ, ಬೈದ, ಕೊನೆಗೆ ಮಗುವನ್ನು ರಮಿಸುವಂತೆ ರಮಿಸಿದ. ಬಿಸಿಲು ನೆತ್ತಿಗೇರಿದ ಮೇಲೆ ಬೀಗ, ಇವನ ಕಾಟ ತಡೆಯಲಾರದೆಯೋ ಏನೋ, ಟಕ್ ಎಂದು ಬಾಯಿ ಬಿಟ್ಟಿತು.

“ಇಡೀ ಬೆಳಿಗ್ಗೆ ಹಾಳಾಯ್ತಲ್ಲಮ್ಮ.”

“ಅದನ್ನೆಲ್ಲ ಯಾರು ನೋಡ್ತಾರೆ ಭಾವ? ಜನಕ್ಕಿರೋ ತಾಳ್ಮೆ ಎಂಟು ಸೆಕೆಂಡು,” ಎನ್ನುತ್ತ ನಾದಿನಿ ತಂತಿ ಒಳಗೆ ಹೋಗುವುದನ್ನೂ ಬೀಗ ಬಿಚ್ಚುವುದನ್ನೂ ಉಳಿಸಿಕೊಂಡು ನಡುವಿನದನ್ನೆಲ್ಲ ಕತ್ತರಿಸಿ ಎಸೆದಳು. ಕೆಳಗೆ ‘ಯಾವ ಬೀಗವಾದರೂ ಎಂಟೇ ಸೆಕೆಂಡು’ ಎಂದು ಬರೆದು, ಸುತ್ತಮುತ್ತಲಿನವರ ಫೋನಿಗೇ ಮೊದಲು ಹೋಗುವಂತೆ ಬಿಟ್ಟಳು.

ಹೋಯಿತು. ಸುತ್ತಮುತ್ತಲಿನ ಬಾಗಿಲುಗಳಲ್ಲೆಲ್ಲ ತೂಗುತ್ತಿದ್ದದ್ದು ಅದೇ ಬೀಗ. ಕಳ್ಳನ ತಾತ ಬಂದರೂ ಬಿಚ್ಚಲಾಗದು ಅಂತ ಅದನ್ನು ಮಾರಿದ್ದವನು ಬೀಗದಣ್ಣನೇ.

ಸಂಜೆಯ ಹೊತ್ತಿಗೆ ಅಂಗಡಿಯ ಮುಂದೆ ಬೀಗ ಹಿಡಿದವರ ಗುಂಪು, ಕಲ್ಲು ಬಿದ್ದ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು.

“ಏನಣ್ಣ, ಹಗಲು ನೀನೇ ಮಾರೋದು, ರಾತ್ರಿ ನೀನೇ ಬಿಚ್ಚೋದಾ?” ಎಂದ ಪಕ್ಕದ ಔಷಧಿ ಅಂಗಡಿಯವನು.

“ಇದಕ್ಕಿಂತ ಬಾಗಿಲಿಗೆ ದಾರ ಕಟ್ಕೊಂಡು ಮಲಗೋದೇ ವಾಸಿ ಕಣಪ್ಪ,” ಎಂದರು ಮಹಡಿ ಮನೆಯ ಅಜ್ಜಿ. “ದಾರ ಯಾರಿಗೂ ಸುಳ್ಳು ಹೇಳಲ್ಲ.”

ಬೀಗ ವಾಪಸು ಬಂದರೆ ಬರಲಿ. ಆದರೆ ಇನ್ನು ಈ ಬೀದಿಯಲ್ಲಿ ಯಾರೂ ನಕಲು ಮಾಡಲು ತನ್ನ ಕೈಗೆ ಕೀಲಿ ಕೊಡುವುದಿಲ್ಲ ಎಂಬುದು ಬೀಗದಣ್ಣನಿಗೆ ಅರ್ಥವಾಯಿತು. ಕೀಲಿ ಕೊಡದ ಮೇಲೆ ಅಂಗಡಿಗೆ ಬಾಗಿಲು ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಗುಂಪಿನ ಹಿಂದೆ ಒಬ್ಬ ಪೊಲೀಸ್ ಪೇದೆ ಕೈಕಟ್ಟಿ ನಿಂತಿದ್ದು ಕಣ್ಣಿಗೆ ಬಿತ್ತು. ತಂತಿಗಳ ಚೀಲವನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದ.

“ಭಾವ, ಕತ್ತರಿಸಿದ್ದು ಅಂತ ಮಾತ್ರ ಬಾಯಿ ಬಿಡ್ಬೇಡಿ,” ನಾದಿನಿ ಪಿಸುಗುಟ್ಟಿದಳು. “ನನ್ನ ಕಸುಬು ಕೆಡುತ್ತೆ.”

“ನಿನ್ನ ಕಸುಬು ಉಳಿದ್ರೆ ನನ್ನ ಕೈಗೆ ಕೋಳ ಬೀಳುತ್ತೆ,” ಎಂದವನೇ ಬೀಗದಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಯಾರೂ ನಂಬಲಿಲ್ಲ.

“ಫೋನಲ್ಲಿ ಕಣ್ಣಾರೆ ನೋಡಿದೀವಿ. ಎದುರಿಗೆ ನಿಂತ್ಕೊಂಡು ಸುಳ್ಳು ಹೇಳ್ತೀಯಲ್ಲಣ್ಣ,” ಎಂದ ಔಷಧಿ ಅಂಗಡಿಯವನು.

ಅಜ್ಜಿ ತಮ್ಮ ಬೀಗವನ್ನು ಅಂಗಡಿಯ ಕಂಬಿಗೆ ತಗುಲಿಸಿ ಅದುಮಿದರು. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. “ತೆಗಿ, ನೋಡೇಬಿಡೋಣ.”

ಬೀಗ ಬಿಚ್ಚಲಿ ಎಂದು ಹೊಟ್ಟೆಪಾಡಿಗಾಗಿ ದಿನಾ ಬೇಡಿಕೊಳ್ಳುತ್ತಿದ್ದವನು ಅವತ್ತು ಬಿಚ್ಚದಿರಲಿ ಎಂದು ಬೇಡಿಕೊಂಡ. ಆದರೆ ಕಳ್ಳಾಟ ಆಡಿದ ಅನ್ನುವ ಮಾತು ಬರಬಾರದಲ್ಲ. ಕಲಿತ ವಿದ್ಯೆಯನ್ನೆಲ್ಲ ಸುರಿದ. ಔಷಧಿ ಅಂಗಡಿಯವನು ಎಂಟರ ತನಕ ಜೋರಾಗಿ ಎಣಿಸಿದ, ಇಪ್ಪತ್ತರ ತನಕ ಮೆಲ್ಲಗೆ ಎಣಿಸಿದ, ಆಮೇಲೆ ಬಿಟ್ಟುಬಿಟ್ಟ. ಯಾರೋ ಅಜ್ಜಿಗೆ ಕುರ್ಚಿ ತಂದರು. ಅಜ್ಜಿ ಅದರಲ್ಲೇ ಒಂದು ನಿದ್ದೆ ತೆಗೆದು ಎದ್ದರು. ಬೀದಿದೀಪ ಹೊತ್ತಿತು. ಬೀಗ ಮಾತ್ರ ಸಾಲಗಾರನ ಬಾಯಿಯಂತೆ ಮುಚ್ಚಿಯೇ ಇತ್ತು.

“ಸಾಕು ಬಿಡಪ್ಪ,” ಎಂದರು ಅಜ್ಜಿ, ಕೀಲಿ ಹಾಕಿ ಬೀಗ ಬಿಡಿಸಿಕೊಳ್ಳುತ್ತ. “ಎಂಥಾ ಗಟ್ಟಿ ಬೀಗ ಕೊಟ್ಟಿದೀಯೋ. ನಿನ್ನ ಹೊಟ್ಟೆ ತಣ್ಣಗಿರಲಿ.”

ಔಷಧಿ ಅಂಗಡಿಯವನು ಪ್ರೀತಿಯಿಂದ ಬೆನ್ನು ತಟ್ಟಿದ. “ನಿನ್ನ ಕೈಲಿ ಏನೂ ಆಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತಣ್ಣ.”

ಜನರು ಮಾತಾಡಿಕೊಳ್ಳುತ್ತ ತಮ್ಮ ತಮ್ಮ ಬೀಗಗಳೊಂದಿಗೆ ಮನೆಗೆ ಹೋದರು. ಸೋತು ಇಷ್ಟು ಸುಖಪಟ್ಟದ್ದು ಬೀಗದಣ್ಣನಿಗೆ ನೆನಪಿರಲಿಲ್ಲ. ಪೇದೆ ಮಾತ್ರ ಹೋಗಲಿಲ್ಲ. ಹತ್ತಿರ ಬಂದ.

“ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದೀನಿ.”

“ಈಗ ನೋಡಿದ್ರಲ್ಲ ಸ್ವಾಮಿ, ನಾನು ಕಳ್ಳ ಆಗೋಕೂ ಲಾಯಕ್ಕಿಲ್ಲ.”

“ಕಳ್ಳ ಅಂದೋರು ಯಾರು? ಲಾಕಪ್ ಭದ್ರವಾಗಿದೆಯಾ ನೋಡೋಣ ಅಂತ ಇನ್ಸ್‌ಪೆಕ್ಟರ್ ಸಾಹೇಬ್ರು ತಾವೇ ಒಳಗೆ ನಿಂತು ಬೀಗ ಹಾಕಿಸಿದ್ರು. ಕೀಲಿ ಬೀಗದಲ್ಲೇ ಮುರೀತು. ಒಳಗೆ ಕೂತೇ ಫೋನಲ್ಲಿ ಹುಡುಕಿ, ನಿಮ್ಮ ವಿಡಿಯೋ ಸಿಕ್ಕಿದ್ದೇ ತಡ ನನ್ನನ್ನ ಇಲ್ಲಿಗೆ ಓಡಿಸಿದ್ರು.”

“ಮತ್ತೆ ಇಷ್ಟು ಹೊತ್ತು ಸುಮ್ನೆ ನಿಂತಿದ್ರಲ್ಲ?”

“ಸಾಹೇಬ್ರು ಒಳಗಿದ್ರೆ ನಮಗೂ ಒಂಚೂರು ನೆಮ್ಮದಿ.”

ಬೀಗದಣ್ಣನಿಗೆ ಹೋದ ಜೀವ ಬಂತು. “ಹಾಗಾದ್ರೆ ಬೇರೆ ಯಾರನ್ನಾದ್ರೂ ನೋಡಿ ಸ್ವಾಮಿ. ನನ್ನ ಕೈಲಾಗಲ್ಲ ಅನ್ನೋದನ್ನ ಕಣ್ಣೆದುರಿಗೇ ನೋಡಿದ್ರಿ.”

“ನಾನು ನೋಡ್ದೆ,” ಎಂದ ಪೇದೆ, ತಂತಿಗಳ ಚೀಲವನ್ನು ತಾನೇ ಹೆಗಲಿಗೇರಿಸಿಕೊಳ್ಳುತ್ತ. “ಸಾಹೇಬ್ರು ನೋಡಿರೋದು ವಿಡಿಯೋ. ನಡೀರಿ.”