ಪಂಪ್‌ಹೌಸ್ ಮೇಲೆ ನಾನು, ಕೆಳಗೆ ಗಂಗವ್ವ

ನಾಯಿ ಸಾಕುವುದರಲ್ಲಿ ಹೊಸದಾಗಿ ಕಲಿಯುವಂಥದ್ದೇನೂ ಇಲ್ಲ ಎಂದು ನಾನು ಐವತ್ತೆರಡು ವರ್ಷದವರೆಗೂ ದೃಢವಾಗಿ ನಂಬಿದ್ದೆ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವನು ನಾನು. ನಾಯಿಗೆ ಹಲ್ಲೆಷ್ಟು, ಅದು ನಾಲಿಗೆ ಚಾಚಿ ಏದುವುದು ಯಾಕೆ, ಎಲ್ಲವನ್ನೂ ಪುಸ್ತಕ ತೆರೆಯದೆ ಹೇಳಬಲ್ಲೆ. ಇಷ್ಟು ತಿಳಿದವನು ಒಂದು ನಾಯಿ ತರುವುದಕ್ಕೆ ಇನ್ನು ಯಾರನ್ನು ಕೇಳಬೇಕು?

ನಾಯಿ ಬೇಕಾಗಿದ್ದು ನನಗಲ್ಲ, ನನ್ನ ಹೆಂಡತಿ ಮಾದೇವಿಯ ಕುರಿಗಳಿಗೆ. ಚಿಕ್ಕಯ್ಯನಛತ್ರದ ಹತ್ತಿರದ ನಮ್ಮ ಊರಿಗೆ ಅವಳು ತಿ. ನರಸೀಪುರದ ಕಡೆಯ ತವರಿನಿಂದ ಎರಡು ಬನ್ನೂರು ಕುರಿಮರಿ ತಂದು, ಏಳೆಂಟು ವರ್ಷದಲ್ಲಿ ಒಂದು ಹಿಂಡು ಮಾಡಿದ್ದಳು. ಗಿಡ್ಡ ಕಾಲು, ದುಂಡು ಮೈ, ಒಂದೊಂದಕ್ಕೂ ಒಂದೊಂದು ಹೆಸರು. ನನ್ನ ಹುಟ್ಟಿದ ದಿನ ಮರೆತಾಳು, ಯಾವ ಕುರಿ ಯಾವತ್ತು ಈಯಿತು ಎಂಬುದನ್ನು ಮರೆಯಳು. ಹಿಂದಿನ ವರ್ಷ ನಾಲೆ ಪಕ್ಕದ ಕಬ್ಬಿನ ಗದ್ದೆಗೆ ಒಂದು ಚಿರತೆ ಬಂದು ಸೇರಿಕೊಂಡಿತು. ಎರಡು ತಿಂಗಳಲ್ಲಿ ಮೂರು ಕುರಿ ಹೋದವು. ಮೂರನೆಯದು ಹೋದ ದಿನ ಮಾದೇವಿ ಊಟ ಮಾಡಲಿಲ್ಲ. ಇನ್ನೊಂದು ಹೋದರೆ ಉಳಿದವನ್ನೆಲ್ಲ ತವರಿಗೆ ಬಿಟ್ಟು ಬರುತ್ತೇನೆ, ಕುರಿ ಸಾಕುವ ಕೆಲಸ ಅಲ್ಲಿಗೆ ಮುಗಿಯಿತು ಎಂದಳು. ಕೂಗಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಮೆಲ್ಲಗೆ ಹೇಳಿದಳು, ಅದಕ್ಕೇ ನನಗೆ ಭಯವಾಯಿತು.

‘ನಾಯಿ ತರ್ತೀನಿ. ಎಂಥಾ ನಾಯಿ ಅಂದ್ರೆ, ಚಿರತೆ ತಾಲ್ಲೂಕೇ ಬಿಟ್ಟು ಹೋಗಬೇಕು’ ಎಂದೆ.

ಮೈಸೂರಿನ ಹೊರಗೆ ದಿಕ್ಕಿಲ್ಲದ ಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಆಶ್ರಯವಿತ್ತು. ಪಕ್ಕದ ಮನೆಯ ಪುಟ್ಟಸ್ವಾಮಿಯ ಗೂಡ್ಸ್ ಆಟೋದಲ್ಲಿ ಒಂದು ಭಾನುವಾರ ಹೊರಟೆವು. ಜೊತೆಗೆ ಎಮ್ಮೆ ಕಟ್ಟುವಷ್ಟು ದಪ್ಪದ ಸರಪಳಿ. ‘ನಾಯಿ ಇದೆ, ಎಚ್ಚರಿಕೆ’ ಎಂದು ಕೆಂಪು ಅಕ್ಷರದ ಬೋರ್ಡನ್ನೂ ಮೊದಲೇ ಬರೆಸಿ ಗೇಟಿಗೆ ತಗುಲಿಸಿದ್ದೆ.

ಆಶ್ರಯ ನಡೆಸುವ ಶೈಲಾ ಮೇಡಂ ನನ್ನನ್ನು ಒಂದು ಗಂಟೆ ಪರೀಕ್ಷೆ ಮಾಡಿದರು. ಮೂವತ್ತು ವರ್ಷದಿಂದ ಪರೀಕ್ಷೆ ನಡೆಸುತ್ತಾ ಬಂದವನಿಗೆ ಪರೀಕ್ಷೆ ಬರೆಯುವುದು ಕಷ್ಟವೇ ಆಯಿತು. ಕುರಿ ಎಷ್ಟಿವೆ, ಬೇಲಿ ಹೇಗಿದೆ, ನಿಮಗೆ ಎಷ್ಟು ಅನುಭವ ಎಂದೆಲ್ಲ ಕೇಳಿದರು. ‘ಅಪಾರ’ ಎಂದೆ. ಆಮೇಲೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ, ಇದೇ ನೋಡಿ ನಿಮಗೆ ಸರಿಯಾದ ನಾಯಿ ಎಂದು ತೋರಿಸಿದರು.

ಅದು ನಮಗೆ ಬೆನ್ನು ತಿರುಗಿಸಿ ಮಲಗಿತ್ತು. ಮಾಸಲು ಕಂದು ಬಣ್ಣದ ದೊಡ್ಡ ಹೆಣ್ಣು ನಾಯಿ. ಮೂತಿಯೆಲ್ಲ ಬೆಳ್ಳಗಾಗಿತ್ತು. ಎಡಗಿವಿ ಅರ್ಧ ಹರಿದಿತ್ತು, ಹಿಂದಿನ ಕಾಲೊಂದು ಕುಂಟು. ಉತ್ತರ ಕರ್ನಾಟಕದ ಕಡೆಯಿಂದ ವರ್ಷವರ್ಷ ಕುರಿ ಹೊಡೆದುಕೊಂಡು ಬರುವವರ ಹಿಂಡನ್ನು ಕಾಯುತ್ತಿದ್ದ ನಾಯಿಯಂತೆ. ಹೆಸರು ಗಂಗವ್ವ. ರಸ್ತೆ ದಾಟುವಾಗ ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡಿತ್ತು. ಮರುವರ್ಷ ಆ ಕುರಿಗಾಹಿ ಮುದುಕ ನೋಡಲು ಬಂದಿದ್ದ. ಇನ್ನು ಇದರ ಕೈಲಿ ನಮ್ಮ ಜೊತೆ ಅಷ್ಟು ದೂರ ನಡೆಯುವುದಕ್ಕಾಗದು, ಎಲ್ಲಾದರೂ ನಾಲ್ಕು ಕುರಿ ಇರುವ ಮನೆಗೆ ಕೊಡಿ, ಕುರಿ ಇಲ್ಲದಿದ್ದರೆ ಇದು ಸೊರಗುತ್ತದೆ ಎಂದು ಹೇಳಿ, ಬಹಳ ಹೊತ್ತು ಅದರ ತಲೆ ಸವರಿ ಹೋದನಂತೆ.

ನನಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ ಮೇಲೆ ಚಿರತೆ ವಿಷಯ ಮರೆತುಹೋಯಿತು. ಮೇಡಂ ಹೇಳಿದ ಷರತ್ತು ಎರಡೇ. ಇದನ್ನು ಕಟ್ಟಿಹಾಕಬೇಡಿ, ಕುರಿಗಳ ಜೊತೆಯಲ್ಲೇ ಬಿಡಿ. ಮತ್ತೆ, ಇದಕ್ಕೆ ಏನನ್ನೂ ಕಲಿಸಲು ಹೋಗಬೇಡಿ. ಎರಡಕ್ಕೂ ತಲೆ ಆಡಿಸಿದೆ. ಎರಡನ್ನೂ ವಾರದೊಳಗೆ ಮುರಿದೆ.

ಮೊದಲ ಮರ್ಯಾದೆ ಹೋದದ್ದು ದಾರಿಯಲ್ಲೇ. ಗಂಗವ್ವ ಆಟೋದ ಹಿಂಭಾಗ ಹತ್ತಲು ಒಪ್ಪಲಿಲ್ಲ. ಇಬ್ಬರೂ ಸೇರಿ ಎತ್ತಲು ನೋಡಿದೆವು, ಬಂಡೆಯ ಹಾಗೆ ಕೂತಿತು. ಕೊನೆಗೆ ತಾನಾಗಿಯೇ ಎದ್ದು ಕುಂಟುತ್ತಾ ಬಂದು, ಮುಂದೆ ಪುಟ್ಟಸ್ವಾಮಿಯ ಪಕ್ಕದ ಸೀಟಿಗೆ ಹತ್ತಿ ರಸ್ತೆಯ ಕಡೆ ಮುಖ ಮಾಡಿತು. ನನಗೆ ಉಳಿದದ್ದು ಹಿಂದಿನ ಜಾಗ. ತಾಂಡವಪುರದಲ್ಲಿ ಟೀ ಕುಡಿಯುತ್ತಾ ನಿಂತಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಮಾಡಿದರು. ಸರಪಳಿ ಹಿಡಿದು, ಗೋಣಿಚೀಲದ ಮೇಲೆ ಕೂತು, ನಾನೂ ಕೈ ಮುಗಿದೆ.

ಮನೆ ಮುಂದೆ ಇಳಿದಾಗ ಮಾದೇವಿ ನಾಯಿಯನ್ನೂ ನನ್ನನ್ನೂ ನೋಡಿದಳು. ಪುಟ್ಟಸ್ವಾಮಿ ಸುಮ್ಮನಿರಬಹುದಿತ್ತು.

‘ಮೇಷ್ಟ್ರೇ, ಇದು ನಮ್ಮುನ್ನ ಕಾಯಕ್ಕೆ ಬಂದದೋ, ಇಲ್ಲಾ ನಾವೇ ಇದುನ್ನ ಕಾಯ್ಬೇಕೋ?’ ಎಂದ.

ಮಾದೇವಿ ನಗಲಿಲ್ಲ. ಒಳಗೆ ಹೋಗಿ ಒಂದು ಬೋಗುಣಿ ಮಜ್ಜಿಗೆ ಅನ್ನ ತಂದಿಟ್ಟಳು. ಮುದುಕಿಯಾದರೂ ಕಣ್ಣು ಚುರುಕಾಗಿದೆ ಎಂದಳು.

ಅವತ್ತು ನಾಯಿಯನ್ನು ಜಗಲಿಗೆ ಕಟ್ಟಿದೆ. ಬೋರ್ಡಿಗೆ ಒಂದು ಗೌರವ ಬೇಡವೇ? ಬೆಳಿಗ್ಗೆ ನೋಡಿದರೆ ಸರಪಳಿ ಇತ್ತು, ಪಟ್ಟಿ ಇತ್ತು, ಪಟ್ಟಿಯೊಳಗೆ ಕತ್ತು ಇರಲಿಲ್ಲ. ಹಲ್ಲು ಕೂಡ ಉಜ್ಜದೆ ಸೈಕಲ್ ಹತ್ತಿ ನಾಲೆ ಏರಿಯ ಮೇಲೆ ಎರಡು ಊರು ಹುಡುಕಿದೆ. ಕಂಡಕಂಡವರಿಗೆಲ್ಲ ಭಯಂಕರವಾದ ನಾಯಿ ತಪ್ಪಿಸಿಕೊಂಡಿದೆ, ಮಕ್ಕಳನ್ನು ಒಳಗೆ ಹಾಕಿಕೊಳ್ಳಿ ಎಂದು ಸಾರಿದೆ. ಒಂಬತ್ತು ಗಂಟೆಗೆ ಮಾದೇವಿ ಫೋನ್ ಮಾಡಿ, ಆ ಭಯಂಕರವಾದ ನಾಯಿ ಕುರಿ ಕೊಟ್ಟಿಗೆಯಲ್ಲಿ ಮಲಗಿದೆ, ಅದರ ಹೊಟ್ಟೆಗೆ ಒರಗಿಕೊಂಡು ಎರಡು ಮರಿಗಳೂ ಮಲಗಿವೆ, ತಿಂಡಿ ಆರುತ್ತಿದೆ ಬನ್ನಿ ಎಂದಳು.

ಆಮೇಲೆ ಶಿಕ್ಷಣ ಶುರುಮಾಡಿದೆ. ಫೋನಿನಲ್ಲಿ ವಿಡಿಯೋ ನೋಡಿಕೊಂಡು ‘ಸಿಟ್’ ಎಂದೆ. ಅದು ನಿಂತಿತು. ‘ಕಮ್’ ಎಂದೆ. ಬೇರೆ ಕಡೆ ನೋಡಿತು. ಇಂಗ್ಲಿಷ್ ಬಾರದೇನೋ ಎಂದು ಕನ್ನಡಕ್ಕೆ ಇಳಿದೆ, ಆಗಲೂ ಇಲ್ಲ. ಒಂದು ದಿನ ನಾಲೆ ರಿಪೇರಿಗೆ ಬಂದಿದ್ದ ಬಾಗಲಕೋಟೆಯ ಕಡೆಯ ಡ್ರೈವರ್ ಒಬ್ಬ ಬೇಲಿ ಆಚೆಯಿಂದ, ‘ಯವ್ವಾ, ಇತ್ತ ಬಾರಬೇ’ ಎಂದ. ಗಂಗವ್ವ ಬಾಲ ಅಲ್ಲಾಡಿಸುತ್ತಾ ಎದ್ದು ಹೋಯಿತು. ಅಂದಿನಿಂದ ನಾನು ಕೊಟ್ಟಿಗೆಯ ಹಿಂದೆ ನಿಂತು ‘ಬಾರಬೇ, ಬಾರಬೇ’ ಎಂದು ಅಭ್ಯಾಸ ಮಾಡಿದೆ. ಒಂದು ವಾರ ಕೇಳಿಸಿಕೊಂಡ ಮೇಲೆ ಗಂಗವ್ವ ಎದ್ದು ಬಂತು. ನನ್ನನ್ನು ದಾಟಿಕೊಂಡು ಹೋಗಿ ನೀರು ಕುಡಿದು ವಾಪಸ್ ಮಲಗಿತು.

ಆದರೆ ಅದು ಬಂದ ಮೇಲೆ ಒಂದೂ ಕುರಿ ಹೋಗಲಿಲ್ಲ. ಇದನ್ನು ಮಾದೇವಿ ಗಮನಿಸಿದ್ದಳು. ಸೋಮಾರಿಯಾಗಿ ಮಲಗಿರುತ್ತದೆ ಎಂದು ನಾನು ದೂರುತ್ತಿದ್ದ ಜಾಗ ಪ್ರತಿಸಲ ಕಬ್ಬಿನ ಗದ್ದೆಗೂ ಕುರಿಗಳಿಗೂ ಮಧ್ಯೆ ಇರುತ್ತಿತ್ತು. ಗಾಳಿ ತಿರುಗಿದರೆ ಅದೂ ತಿರುಗಿ ಮಲಗುತ್ತಿತ್ತು. ಜೀವಶಾಸ್ತ್ರದವನಿಗೆ ಇದು ಹೊಳೆಯಲಿಲ್ಲ.

ಫಜೀತಿಯಾದದ್ದು ಡಿಸೆಂಬರಿನ ಒಂದು ಶನಿವಾರ. ಮಾದೇವಿ ತಮ್ಮನ ಮಗುವಿನ ನಾಮಕರಣಕ್ಕೆ ತವರಿಗೆ ಹೋದಳು. ಸಂಜೆ ಬಸ್ಸಿಗೆ ಬರುತ್ತೇನೆ, ಕೊಟ್ಟಿಗೆಯಲ್ಲೇ ಹುಲ್ಲು ಹಾಕಿ, ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ ಎಂದು ಎರಡು ಸಲ ಹೇಳಿದ್ದಳು. ಮೂರನೇ ಸಲ ಹೇಳದೇ ಇದ್ದುದರಿಂದ ಅಷ್ಟೇನೂ ಮುಖ್ಯವಿರಲಾರದು ಎಂದುಕೊಂಡೆ. ಅವಳು ಬರುವಷ್ಟರಲ್ಲಿ ಹೊಟ್ಟೆ ತುಂಬ ಮೇಯಿಸಿಕೊಂಡು ಬಂದು ನಿಲ್ಲಿಸಿದರೆ ಮನೆಯಲ್ಲಿ ನನ್ನ ಸ್ಥಾನ ಒಂದು ಮೆಟ್ಟಿಲು ಏರೀತು ಎಂಬ ಆಸೆ ಬೇರೆ. ನಾಲ್ಕು ಗಂಟೆಗೆ ಹಿಂಡು ಹೊರಡಿಸಿದೆ.

ಕುರಿ ಮೇಯುವ ಬೀಳುಬಯಲಿಗೆ ಎರಡು ದಾರಿ. ಒಂದು ಊರ ಸುತ್ತಿ ಬರುವುದು, ಇನ್ನೊಂದು ಕಬ್ಬಿನ ಗದ್ದೆಯ ಅಂಚಿನಲ್ಲೇ ಹೋಗುವ ಕಾಲುದಾರಿ. ನಾನು ಯಾವುದನ್ನು ಹಿಡಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಕಬ್ಬು ಶುರುವಾಗುವ ಜಾಗದಲ್ಲಿ ಒಂದು ಪಾಳು ಪಂಪ್‌ಹೌಸ್ ಇದೆ. ಅಲ್ಲಿಗೆ ಬಂದಾಗ ಗಂಗವ್ವ ಓಡಿ ಬಂದು ದಾರಿಗೆ ಅಡ್ಡ ನಿಂತಿತು. ಕುರಿಗಳೆಲ್ಲ ತಟ್ಟನೆ ನಿಂತವು. ನಾನು ಮುಂದೆ ಹೆಜ್ಜೆ ಇಟ್ಟೆ. ಅದು ಎದೆಯಿಂದ ನನ್ನ ಮೊಣಕಾಲನ್ನು ತಳ್ಳಿತು. ಬೈದೆ, ಕೋಲು ತೋರಿಸಿದೆ. ಆರು ತಿಂಗಳಲ್ಲಿ ಒಂದು ಸಲವೂ ಗುರ್ ಎನ್ನದ ಪ್ರಾಣಿ ಹಲ್ಲು ತೋರಿಸಿ ಗುರ್ ಎಂದಿತು. ನಾನು ಬಲಕ್ಕೆ ಹೋದರೆ ಬಲಕ್ಕೆ ಬಂತು, ಎಡಕ್ಕೆ ಹೋದರೆ ಎಡಕ್ಕೆ ಬಂತು. ನಾಯಿಗೆ ಹುಚ್ಚು ಹಿಡಿದಿದೆ ಎಂದು ವೈಜ್ಞಾನಿಕವಾಗಿ ತೀರ್ಮಾನಿಸಿ, ಪಂಪ್‌ಹೌಸ್ ಗೋಡೆಗೆ ಒಟ್ಟಿದ್ದ ಇಟ್ಟಿಗೆ ರಾಶಿಯ ಮೇಲೆ ಕಾಲಿಟ್ಟು ತಾರಸಿ ಹತ್ತಿಬಿಟ್ಟೆ. ಹತ್ತುವಾಗ ಒದ್ದ ಒದೆಗೆ ಇಟ್ಟಿಗೆಯೆಲ್ಲ ಕುಸಿದುಬಿತ್ತು. ಗಂಗವ್ವ ನನ್ನನ್ನು ಬಿಟ್ಟು ಆಚೆ ತಿರುಗಿ ನಿಂತಿತು.

ಮೇಲಿನಿಂದಲೇ ಶೈಲಾ ಮೇಡಂಗೆ ಫೋನ್ ಮಾಡಿದೆ.

‘ಮೇಡಂ, ನಿಮ್ಮ ನಾಯಿಗೆ ತಲೆ ಕೆಟ್ಟಿದೆ. ನನ್ನನ್ನ ಮುಂದಕ್ಕೇ ಬಿಡ್ತಾ ಇಲ್ಲ.’

‘ಕುರಿಗಳು ಎಲ್ಲಿವೆ ಸರ್?’

‘ಅದರ ಹಿಂದೆ ಗುಂಪಾಗಿ ನಿಂತಿವೆ.’

‘ಹಾಗಾದ್ರೆ ಅದರ ಮುಂದೆ ಏನಿದೆ, ಒಂದ್ಸಲ ನೋಡಿ.’

ನೋಡಿದೆ. ಇಪ್ಪತ್ತು ಅಡಿ ದೂರದಲ್ಲಿ ಕಬ್ಬಿನ ಗರಿ ಮೆಲ್ಲಗೆ ಎರಡು ಪಾಲಾಯಿತು. ಚಿರತೆಯ ತಲೆ ಹೊರಗೆ ಬಂತು, ಆಮೇಲೆ ಹೆಗಲು. ಫೋನಿನಲ್ಲಿ ಮೇಡಂ ಸರ್, ಸರ್ ಎನ್ನುತ್ತಿದ್ದರು.

ಗಂಗವ್ವ ಅದರ ಮೇಲೆ ಹಾರಲಿಲ್ಲ, ಅಟ್ಟಿಸಿಕೊಂಡೂ ಹೋಗಲಿಲ್ಲ. ಆ ಮುರಿದು ಕೂಡಿದ ಕಾಲನ್ನು ನೆಲಕ್ಕೆ ಊರಿ, ಕತ್ತಿನ ಕೂದಲೆಲ್ಲ ನಿಮಿರಿಸಿ, ನಿಂತಲ್ಲಿಂದಲೇ ಬೊಗಳಿತು. ಬೊಗಳಿತು ಎಂದರೆ ಸಾಲದು. ಅಷ್ಟು ದಪ್ಪದ ದನಿ ಆ ಮುದಿ ಮೈಯ ಯಾವ ಮೂಲೆಯಲ್ಲಿತ್ತೋ, ನನ್ನ ಕಾಲ ಕೆಳಗಿನ ತಾರಸಿ ನಡುಗಿದಂತಾಯಿತು. ಚಿರತೆ ಎರಡು ಹೆಜ್ಜೆ ಬಂತು. ಗಂಗವ್ವ ಒಂದು ಹೆಜ್ಜೆ ಮುಂದಿಟ್ಟಿತು, ಅಷ್ಟೇ. ಚಿರತೆ ಕುರಿಗಳನ್ನು ನೋಡಿತು, ಇದನ್ನು ನೋಡಿತು. ಆಮೇಲೆ ಏನೋ ಮರೆತವರ ಹಾಗೆ ತಿರುಗಿ ಕಬ್ಬಿನೊಳಗೆ ಹೋಯಿತು.

ನಾನು ಕೂತುಬಿಟ್ಟೆ. ಗಂಗವ್ವ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಒಂದೊಂದು ಕುರಿಯನ್ನೂ ಮೂಸಿ ನೋಡಿ, ಹಿಂಡನ್ನು ತಿರುಗಿಸಿಕೊಂಡು, ಕುಂಟುತ್ತಾ ಮನೆ ಕಡೆ ಹೊರಟಿತು. ನಾನು ‘ಬಾರಬೇ’ ಎಂದು ಕೂಗಿದೆ. ತಿರುಗಿ ನೋಡಲಿಲ್ಲ. ಕೆಳಗಿಳಿಯಲು ಇಟ್ಟಿಗೆ ಇರಲಿಲ್ಲ. ಇದ್ದಿದ್ದರೂ ಇಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಹೊತ್ತು ಮುಳುಗುವಾಗ ಗಂಗವ್ವ ವಾಪಸ್ ಬಂತು. ಹಿಂದೆ ಮಾದೇವಿ, ಇನ್ನೂ ನಾಮಕರಣದ ರೇಷ್ಮೆ ಸೀರೆಯಲ್ಲೇ. ಅವಳ ಹಿಂದೆ, ನಾನು ಫೋನಿನಲ್ಲಿ ಬೇಡಿಕೊಂಡಿದ್ದಕ್ಕೆ ಏಣಿ ಹೊತ್ತು ಬಂದ ಪುಟ್ಟಸ್ವಾಮಿ. ಅವಳು ಬಸ್ಸಿಳಿದು ಬರುವಷ್ಟರಲ್ಲಿ ಕುರಿಗಳೆಲ್ಲ ಕೊಟ್ಟಿಗೆಗೆ ಸೇರಿದ್ದವಂತೆ. ಗಂಗವ್ವ ಮಾತ್ರ ಒಳಗೆ ಹೋಗದೆ, ದಾರಿ ನೋಡುತ್ತಾ ನಿಂತಿತ್ತಂತೆ. ಇವಳು ಕೊಟ್ಟಿಗೆಯ ಬಾಗಿಲು ಹಾಕಿದ್ದೇ ತಡ, ಬಂದ ದಾರಿಗೇ ತಿರುಗಿ ಹೊರಟಿತಂತೆ.

ಬೈಗುಳಕ್ಕೆ ಸಿದ್ಧನಾಗಿ ಏಣಿ ಇಳಿದೆ. ಮಾದೇವಿ ನನ್ನನ್ನು ಬೈಯಲಿಲ್ಲ. ಗಂಗವ್ವನ ಮುಂದೆ ನೆಲದ ಮೇಲೆ ಕೂತು ಅದರ ಹರಿದ ಕಿವಿಯನ್ನು ಸವರುತ್ತಾ, ‘ನಿನ್ ಕಾಲು ನೋಯ್ತದಾ ನನ್ನವ್ವ’ ಎಂದಳು. ರೇಷ್ಮೆ ಸೀರೆ ಮಣ್ಣಾಯಿತು. ಅವಳ ಗಮನ ಅತ್ತ ಹೋಗಲಿಲ್ಲ. ನನ್ನ ಕಣ್ಣೂ ಯಾಕೋ ಮಂಜಾಯಿತು. ಪುಟ್ಟಸ್ವಾಮಿ ಏಣಿ ಹೊತ್ತುಕೊಂಡು ಮುಂದೆ ನಡೆದ.

ಈಗ ಭಾನುವಾರಗಳಂದು ನಾನೂ ಮೇಯಿಸಲು ಹೋಗುತ್ತೇನೆ. ದಾರಿ ಯಾವುದೆಂದು ಗಂಗವ್ವ ಹೇಳುತ್ತದೆ. ಬಯಲಿಗೆ ಹೋದ ಮೇಲೆ ನಾನು ಹಿಂಡಿನಿಂದ ನಾಲ್ಕು ಮಾರು ಆಚೆ ಹೋದರೆ ಸಾಕು, ಬಂದು ಮೊಣಕಾಲ ಹಿಂದೆ ಮೂತಿಯಿಂದ ತಿವಿದು ನಡುವಿಗೆ ತಂದು ನಿಲ್ಲಿಸುತ್ತದೆ. ಇದನ್ನು ಗೌರವ ಎಂದುಕೊಂಡಿದ್ದೆ. ಹಾಗೆಂದು ಮಾದೇವಿಗೂ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ದೊಡ್ಡ ಕುರಿಗಳನ್ನು ಅದು ಅಂಚಿನಲ್ಲಿ ಮೇಯಲು ಬಿಡುತ್ತದೆ, ನಡುವೆ ಇಟ್ಟುಕೊಳ್ಳುವುದು ಹೋದ ತಿಂಗಳು ಹುಟ್ಟಿದ ಮರಿಯನ್ನೂ ನಿಮ್ಮನ್ನೂ ಮಾತ್ರ ಎಂದಳು.

ಆ ಮರಿ ಈಗ ಬಲಿತಿದೆ. ಮೊನ್ನೆಯಿಂದ ಅದಕ್ಕೂ ಅಂಚಿನಲ್ಲಿ ಮೇಯಲು ಅಪ್ಪಣೆ ಸಿಕ್ಕಿದೆ. ನಾನಿನ್ನೂ ನಡುವೆಯೇ ಇದ್ದೇನೆ.