ಮಾವನ ಪರ್ಖಿಗೆ ಸಿಕ್ಕ ಮನೆಸಾಲದ ವಿಮೆ

ನಮ್ಮ ಸೋದರಮಾವನಷ್ಟು ಓದುವವರು ಬಸವಕಲ್ಯಾಣದಲ್ಲಿ ಇನ್ನೊಬ್ಬರಿಲ್ಲ. ಆದರೆ ಅವರು ಯಾವುದನ್ನೂ ಮೊದಲಿನಿಂದ ಓದುವುದಿಲ್ಲ! ಪೇಪರ್ ಬಂದರೆ ನಡುಪುಟ ಬಿಚ್ಚುತ್ತಾರೆ. ಹೀಗಾಗಿ ಉಳ್ಳಾಗಡ್ಡಿ ರೇಟು ಅವರಿಗೆ ಮುಂಜಾನೆಯೇ ಗೊತ್ತು. ಸರ್ಕಾರ ಬಿದ್ದದ್ದು ಮಾತ್ರ ಎರಡು ದಿನ ತಡವಾಗಿ ಗೊತ್ತಾಗುತ್ತದೆ.

ಇದು ಹುಚ್ಚಲ್ಲ, ಕಸುಬು. ಅವರ ಆಯುಷ್ಯವೆಲ್ಲ ಕಳೆದದ್ದು ಹುಮನಾಬಾದಿನ ಕಾಳಿನ ಪೇಟೆಯಾದ ಗಂಜಿನಲ್ಲಿ, ತೊಗರಿ ಚೀಲಕ್ಕೆ ಪರ್ಖಿ ಹಾಕುವ ಕೆಲಸದಲ್ಲಿ. ಪರ್ಖಿ ಅಂದರೆ ಮೊನಚಾದ ಕಬ್ಬಿಣದ ಕೊಳವೆ. ಚೀಲಕ್ಕೆ ಚುಚ್ಚಿದರೆ ಹೊಟ್ಟೆಯೊಳಗಿನ ಕಾಳು ಅಂಗೈಗೆ ಬಂದು ಬೀಳುತ್ತದೆ. "ಚೀಲದ ಬಾಯಾಗ ಎಲ್ಲಾರೂ ಮುತ್ತೇ ಇಟ್ಟಿರ್ತಾರ. ಕಲ್ಲು-ಹಳ್ಳು ಇರೋದು ಹೊಟ್ಟ್ಯಾಗ," ಅನ್ನುತ್ತಾರೆ. ಕೆಲಸ ಬಿಟ್ಟರೂ ಪರ್ಖಿ ಬಿಟ್ಟಿಲ್ಲ. ಜುಬ್ಬಾದ ಕಿಸೆಯಲ್ಲಿ ಬೇರೆಯವರು ಪೆನ್ನು ಇಟ್ಟುಕೊಂಡಂತೆ ಇವರು ಅದನ್ನು ಇಟ್ಟುಕೊಂಡಿರುತ್ತಾರೆ.

ಒಮ್ಮೆ ಬಸ್‌ಸ್ಟ್ಯಾಂಡಿನ ಎದುರು ಗಾಡಿಯ ಮೇಲಿನ ಕಲ್ಲಂಗಡಿಗೇ ಚುಚ್ಚಿಬಿಟ್ಟರು!

"ಚಾಚಾ, ತೂತು ಬಿದ್ದ ಹಣ್ಣು ಯಾರ್ ತಗೋತಾರ್ರಿ?" ಅಂತ ಗಾಡಿಯವ ಬಾಯಿ ಬಡಿದುಕೊಂಡ.

"ಸಿಹಿ ಇದ್ರ ನಾ ತಗೋತೇನಿ."

"ಸಪ್ಪಗಿದ್ರ?"

"ನೀ ತಿನ್ನು. ಮಾರಾಕ ಕುಂತವ ನೀನಲ್ಲ?"

ಮಗಳಿಗೆ ವರ ನೋಡಲು ಹೋದಾಗಲೂ ಅಷ್ಟೇ. ಹುಡುಗನ ಅಪ್ಪ ಮಗನ ಗುಣಗಾನ ಮಾಡುತ್ತಿದ್ದರೆ ಇವರು ಮೆಲ್ಲಗೆ ಎದ್ದು ಓಣಿಯ ಇಸ್ತ್ರಿ ಅಂಗಡಿಗೆ ಹೋದರು. "ಆ ಹುಡುಗನ ಅಂಗಿ ಕಿಸೆದಾಗ ಏನೇನ್ ಸಿಗ್ತದಪ್ಪಾ?" ಅಂತ ವಿಚಾರಿಸಿ ಬಂದು, ಎಲ್ಲರೆದುರೇ ತೀರ್ಪು ಕೊಟ್ಟರು: "ಬರೇ ಬಸ್ ಟಿಕೀಟು. ಗುಟ್ಕಾ ಇಲ್ಲ. ಸಕ್ಕರಿ ಹಂಚ್ರಿ!"

ಇಂಥವರನ್ನು ನಾನು ನನ್ನ ಹೊಸ ಮನೆಯ ವಾಸ್ತುಶಾಂತಿಗೆ ಕರೆದೆ. ಕರೆಯದೆ ಇರಲಾಗುತ್ತದೆಯೇ? ಅಪ್ಪ ಸತ್ತ ಮೇಲೆ ಸಾಕಿದವರು ಅವರೇ. ಹುಮನಾಬಾದಿನಲ್ಲಿ ಹೈವೇ ಬಾಜೂಕ ನನ್ನ ವೆಲ್ಡಿಂಗ್ ದುಕಾನಿದೆ. ಓದಿದ್ದು ಏಳನೇ ಇಯತ್ತೆ, ಆದರೆ ಊರಿನ ಅರ್ಧ ಗೇಟು ನನ್ನ ಕೈಯವು. ಒಂದೂ ಕಿರ್ರೆನ್ನುವುದಿಲ್ಲ, ಬೇಕಾದರೆ ಹೋಗಿ ತಳ್ಳಿ ನೋಡಿ! ಮನೆಯನ್ನು ಬ್ಯಾಂಕ್ ಸಾಲ ತೆಗೆದು ಕಟ್ಟಿಸಿದ್ದೆ. ಮಾವ ಹೋಳಿಗೆ ತಿಂದು ಕೈ ತೊಳೆದು, "ಸಾಲದ ಫೈಲ್ ತಾ," ಅಂದರು. ಬರೋಬ್ಬರಿ ನಡುವೆ ಬಿಚ್ಚಿದರು. ಗಂಜಿನ ಬಿಲ್ಲು ಓದಿ ಓದಿ ಕಲಿತ ಇಂಗ್ಲಿಷು ಅವರದು. ಅಕ್ಷರ ಅಕ್ಷರ ಹಳ್ಳು ಆರಿಸಿದಂತೆ ಓದುತ್ತಾರೆ.

"ಇಲ್ಲೊಂದು ವಿಮಾ ಅದ. ನಿನ್ನ ನೌಕರಿ ಹೋದ್ರ ಸಾಲದ ಕಂತು ಕಂಪನಿ ಕಟ್ತದಂತ."

"ಚಲೋ ಆತಲ್ರಿ ಮಾವ."

"ನಿನ್ನ ನೌಕರಿಯಿಂದ ಯಾರ್ ತೆಗೀತಾರ?"

"ಯಾರ್ ತೆಗೀತಾರ್ರಿ? ದುಕಾನ ನಂದು, ಮಾಲಕ ನಾನು!"

"ಹಂಗಾದ್ರ ನಿನ್ನ ನೀನೇ ತೆಗೀಬೇಕು."

ಅಷ್ಟಕ್ಕೆ ಬಿಟ್ಟರೇ? ಹಾಳೆ ತರಿಸಿ ನೋಟಿಸು ಬರೆದೇಬಿಟ್ಟರು: 'ಮಾಲಕನಾದ ನಾನು, ಕೆಲಸಗಾರನಾದ ನನ್ನನ್ನು, ಮಾಲಕನಿಗೆ ಎದುರು ಮಾತಾಡಿದ ಗುನ್ಹಾಕ್ಕಾಗಿ ಇಂದಿನಿಂದ ತೆಗೆದುಹಾಕಿದ್ದೇನೆ.' ನನ್ನ ಹೆಂಡತಿ ಅಡಿಗೆಮನೆಯಿಂದಲೇ, "ಆ ಗುನ್ಹಾ ಖರೆ ಅದ್ರಿ ಮಾವ, ದಿನಾ ದುಕಾನದಾಗ ಒಬ್ರೇ ಜಗಳಾಡ್ತಾರ," ಅಂದಳು. ಬಂದ ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು.

ನಗು ಮುಗಿದ ಮೇಲೆ ಮಾವ ನನ್ನನ್ನು ಮೂಲೆಗೆ ಕರೆದರು. "ವಿಮಾ ಬೇಕೇನ್ ಅಂತ ಬ್ಯಾಂಕಿನವ್ರು ಕೇಳಿದ್ರೇನು?"

"ವಿಮಾ ಇಲ್ಲಾಂದ್ರ ಸಾಲ ಇಲ್ಲ ಅಂದ್ರು."

"ಮತ್ತ ಇಲ್ಲಿ ನಿನ್ನ ಕೆಲಸ 'ಖಾಸಗಿ ನೌಕರಿ' ಅಂತ ಅದಲ್ಲ?"

"ಅವರೇ ಬರಕೊಂಡ್ರು."

"ನೀ ಓದಿದಿ?"

ನಾನು ಹೋಳಿಗೆ ಉಳಿದಾವೋ ಇಲ್ಲವೋ ನೋಡಿ ಬರುತ್ತೇನೆಂದು ಎದ್ದುಹೋದೆ.

ಸಂಕಟ ಇದ್ದದ್ದೇ ಅಲ್ಲಿ. ಎಲ್ಲಿ ಗೆರೆ ಇತ್ತೋ ಅಲ್ಲೆಲ್ಲ ಸಹಿ ಮಾಡಿ ಬಂದಿದ್ದೆ. ಮನೆಗೆ ಬಂದು ಹೆಂಡತಿಗೂ ಓಣಿಗೂ, "ಒಂದೊಂದು ಹಾಳಿ ಓದೇ ಸಹಿ ಹಾಕೇನಿ," ಅಂತ ಮೀಸೆ ತಿರುವಿದ್ದೆ. ಈಗ ಓದಿದ್ದೆ ಅಂದರೆ, ನನಗೆ ಎಂದೂ ಉಪಯೋಗಕ್ಕೆ ಬಾರದ ವಿಮೆಯ ಕಂತಿಗಾಗಿ, ಸಾಲ ತೀರುವವರೆಗೂ ಬೆವರು ಸುರಿಸಬೇಕು. ಓದಿಲ್ಲ ಅಂದರೆ? ಊರೆದುರು ತಲೆ ತಗ್ಗಿಸಬೇಕು. ಕಬ್ಬಿಣ ಬಗ್ಗಿಸುತ್ತೇನೆ ಸ್ವಾಮಿ, ಕುತ್ತಿಗೆ ಬಗ್ಗಿಸಿದವನಲ್ಲ!

ಮಾವ ಬಿಡಲಿಲ್ಲ. ಸೋಮವಾರ ಕಲ್ಯಾಣದಿಂದ ಮೊದಲ ಬಸ್ಸಿಗೇ ಬಂದು ನನ್ನನ್ನು ಬ್ಯಾಂಕಿಗೆ ಎಳೆದುಕೊಂಡು ಹೋದರು. ಬಾಗಿಲಲ್ಲಿ ಗಾರ್ಡು ಅವರ ಕಿಸೆ ನೋಡಿ ಹೌಹಾರಿದ.

"ಇದೇನ್ರಿ ಅಜ್ಜಾ, ಹತಿಯಾರ?"

"ಮಾಲು ಪರೀಕ್ಷಾ ಮಾಡೋದಪ್ಪಾ."

"ಇಲ್ಲಿ ಮಾಲು ಎಲ್ಲಿ ಅದ್ರಿ? ಬರೇ ಕಾಗದ."

"ಅದಕ್ಕೇ ತಂದೇನಿ!"

ಗಾರ್ಡು ಪರ್ಖಿ ಕಸಿದಿಟ್ಟುಕೊಂಡು ಒಳಗೆ ಬಿಟ್ಟ. ಮ್ಯಾನೇಜರ್ ಮೇಡಂ ಹೊಸಬರು, ಒಳ್ಳೆಯವರು. ಚಹಾ ತರಿಸಿ, ಫೈಲು ನೋಡಿ, ನನ್ನತ್ತ ತಿರುಗಿದರು. "ಸಹಿ ನಿಮ್ಮದೇ ಅದ್ರಿ. 'ಓದಿ ತಿಳಕೊಂಡು ಸಹಿ ಮಾಡೇನಿ' ಅಂತ ಕೆಳಗ ಬರದದ. ಓದಿದ್ರೇನ್ರಿ?"

ಕೌಂಟರಿನ ಮುಂದೆ ನಾಲ್ಕು ಜನ ನಿಂತಿದ್ದರು. ಅದರಲ್ಲಿ ಇಬ್ಬರ ಮನೆಯ ಗೇಟು ನನ್ನದೇ. ನಾನು ಫ್ಯಾನು ನೋಡಿದೆ. ಗೋಡೆ ನೋಡಿದೆ.

ಮಾವ ಚಹಾದ ಕಪ್ಪು ಕೆಳಗಿಟ್ಟರು.

"ಅವನ್ನ ಕೇಳಬ್ಯಾಡ್ರಿ ಮೇಡಂ. ಓದದೇ ಸಹಿ ಮಾಡಿದವ ನಾನು."

"ಇಲ್ಲಿ ಇವರ ಸಹಿ ಅದಲ್ರಿ?"

"ಈ ಕಾಗದ ಅಲ್ರಿ. ಇವರಪ್ಪ ತೀರಿಕೊಂಡ ವರ್ಷ ಶಾಲಿಯಿಂದ ಒಂದು ಕಾಗದ ಬಂದಿತ್ತು. ಖರ್ಚು ನೀಗಂಗಿಲ್ಲಂತ ನಾನೇ ತರಿಸಿದ್ದು, ಇವನ ಹೆಸರು ತೆಗೆಸೋ ಅರ್ಜಿ. ಸುಗ್ಗಿ ದಿನ, ಗಂಜಿನ್ಯಾಗ ಗಾಡಿ ಸಾಲ್ ಹಚ್ಚಿ ನಿಂತಿದ್ವು. ಚೀಲದ ಮ್ಯಾಲಿಟ್ಟು ಸಹಿ ಜಡದು ಕೊಟ್ಟೆ. ತಿರುವಿ ನೋಡಲಿಲ್ಲ. ಕಾಗದದ ಹಿಂದ ಮಾಸ್ತರ್ರು ಬರದಿದ್ರು: 'ಹುಡುಗ ಶಾಣ್ಯಾ ಇದ್ದಾನ, ಬಿಡಿಸಬ್ಯಾಡ್ರಿ, ಖರ್ಚು ನಾ ನೋಡ್ಕೋತೇನಿ.' ಇದು ನನಗ ತಿಳಿದದ್ದು ಎಷ್ಟೋ ವರ್ಷದ ಮ್ಯಾಲ, ಆ ಮಾಸ್ತರ್ರೇ ಸಿಕ್ಕು ಹೇಳಿದಾಗ. ಇವಗ ಹೇಳಾಕ ಇವತ್ತಿನ ತನಕ ನನಗ ಬಾಯಿ ಬಂದಿಲ್ರಿ."

ನನಗೂ ಇದು ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಮಾವ ನನ್ನ ಮುಖ ನೋಡಲಿಲ್ಲ, ಟೇಬಲ್ಲಿನ ಗಾಜು ನೋಡುತ್ತಿದ್ದರು. ಜೀವಮಾನದಲ್ಲಿ ಯಾರೆದುರೂ ತಪ್ಪಿದೆ ಅಂತ ಒಪ್ಪಿಕೊಳ್ಳದ ಮನುಷ್ಯ!

"ಓದಿಲ್ರಿ ಮೇಡಂ," ಅಂದೆ. "ಇಂಗ್ಲಿಷ್ ನನಗ ಬರಂಗಿಲ್ಲ. ವಿಮಾ ಇಲ್ಲಾಂದ್ರ ಸಾಲ ಇಲ್ಲ ಅಂದ್ರು, ಅದಕ್ಕ ಮಾಡಿದೆ."

"ಹಂಗಾದ್ರ ಇದು ದಾರಿ ತಪ್ಪಿಸಿ ಮಾರಿದ್ದೇ," ಅಂತ ಮೇಡಂ ಹಾಳೆ, ಪೆನ್ನು ಮುಂದೆ ಸರಿಸಿದರು. "ಈಗ ಹೇಳಿದ್ದೇ ಬರದು ಕೊಡ್ರಿ, ಕನ್ನಡದಾಗೇ. ವಿಮಾ ರದ್ದು ಮಾಡಿ ರೊಕ್ಕ ವಾಪಸ್ ಮಾಡ್ರಿ ಅಂತ ನಾನೇ ಮ್ಯಾಲಿನವರಿಗೆ ಬರೀತೇನಿ."

ಬರೆದೆ. ಅರ್ಧ ಪುಟ ಆಯಿತು. ಸಾಕ್ಷಿಯ ಸಹಿಗೆಂದು ಮಾವನ ಮುಂದಿಟ್ಟೆ. ಅವರು ಪೆನ್ನು ಹಿಡಿದರು, ಹಿಡಿದುಕೊಂಡೇ ಕೂತರು.

"ನೀ ಓದಿ ಹೇಳು ತಮ್ಮಾ," ಅಂದರು. "ನಿನ್ನ ಬಾಯಿಂದ ಕೇಳ್ತೇನಿ."

ನಾನು ಎದ್ದು ನಿಂತು ಓದಿದೆ. ಕೌಂಟರಿನವರೆಗೂ ಕೇಳುವಷ್ಟು ಜೋರಾಗಿ.