ಯಾರ್ಡಿನ ಬೇಲಿಯೊಳಗೆ ಬೀಗತನಕ್ಕೆ ರಜೆ ಕೋರಿ

ಇಂದ:
ತುಕಿಮಾನ್, ಪಾಯಿಂಟ್ಸ್‌ಮನ್
(ಕೆಳಗೆ ನಿಂತು ಸನ್ನೆ ಕೊಟ್ಟು ವ್ಯಾಗನ್ ಜೋಡಿಸುವವನು)
ವಾರುಜಾತಿ ಗೂಡ್ಸ್ ಯಾರ್ಡ್, ಮಧ್ಯ ಜಾವಾ

ಗೆ:
ಪಾಕ್ ಹೆರ್ಲಾಂಬಾಂಗ್ ಸಾಹೇಬರು
ಯಾರ್ಡ್ ಮುಖ್ಯಸ್ಥರು, ಸದರಿ ಸ್ಥಳ

ವಿಷಯ: ಬೆಳಗ್ಗೆ ಹಾಜರಿ ಹಾಕಿದಲ್ಲಿಂದ ಸಂಜೆ ಗೇಟು ದಾಟುವವರೆಗೆ ಚಾಲಕ ಪಾರ್ಜಿಯೋನೋರವರ ಬೀಗನಾಗಿರುವ ಹೊಣೆಯಿಂದ ಅರ್ಜಿದಾರನನ್ನು ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: ೧. ಸದರಿ ಚಾಲಕರನ್ನು ಬೇರೆ ಯಾರ್ಡಿಗೆ ಕಳಿಸುವುದಾಗಿ ತಾವು ಗೋಡೆಗೆ ಅಂಟಿಸಿದ ಆದೇಶ.
೨. ತಮ್ಮ ಬೆಳವದ ಹಕ್ಕಿಯ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಟೋಪಿ ಚಕ್ರದಡಿ ಸಿಕ್ಕು ಅಪ್ಪಚ್ಚಿಯಾದ ಕಾರಣ ಬರಿದಲೆಯಲ್ಲೇ ಕೈಮುಗಿದು ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನೂ ಸದರಿ ಚಾಲಕರೂ ಮೀಸೆ ಚಿಗುರುವ ವಯಸ್ಸಿನಿಂದ ಜೊತೆಗಾರರು. ಚಾಲಕರು ಮೇಲೆ ಎಂಜಿನ್ನಿನಲ್ಲಿ, ಅರ್ಜಿದಾರ ಕೆಳಗೆ ಜಲ್ಲಿಯ ಮೇಲೆ. ಎಂಜಿನ್ನಿನ ಮೂತಿಯ ಕೆಳಗೇನಿದೆ, ಕೊನೆಯ ವ್ಯಾಗನ್ನಿನ ಹಿಂದೇನಿದೆ ಎಂಬುದು ಚಾಲಕರಿಗೆ ಕಾಣದು, ಅರ್ಜಿದಾರನಿಗೆ ಕಾಣುತ್ತದೆ. ಎಂಜಿನ್ನು ಮಾತ್ರ ಅರ್ಜಿದಾರನ ಮಾತು ಕೇಳದು, ಚಾಲಕರ ಮಾತು ಕೇಳುತ್ತದೆ. ಕಾರಣ, ಇಬ್ಬರೂ ಸೇರಿ ಹೇಗೋ ಒಬ್ಬ ಪೂರ್ತಿ ನೌಕರನಾಗಿ ದುಡಿಯುತ್ತಿದ್ದೆವು. ಕೆಲಸದ ಭಾಷೆ ಈ ಕೆಳಗಿನಂತಿತ್ತು:

"ಲೇ ಕೋಣ, ಹಿಂದಕ್ಕೆ ಬಾರೋ! ಇನ್ನೂ ಬಾ... ಸಾಕ್ ನಿಲ್ಸೋ, ಕಿವಿ ಎಲ್ಲಿಟ್ಟಿದೀಯ?"

"ನಿಲ್ಸಿದೆ ಕಣೋ ಕಪ್ಪೆ. ಕೂಗಿ ಸಾಯ್ಬೇಡ, ಕೊಂಡಿ ಹಾಕು."

ಕೋಣ ಎಂಬ ಹೆಸರು ಚಾಲಕರ ಕುತ್ತಿಗೆಯಿಂದ ಬಂದದ್ದು, ಕಪ್ಪೆ ಎಂಬುದು ಅರ್ಜಿದಾರ ಹಳಿ ದಾಟುವ ರೀತಿಯಿಂದ. ಈ ಭಾಷೆ ಚಾಲ್ತಿಯಲ್ಲಿದ್ದಷ್ಟು ಕಾಲ ಒಂದು ವ್ಯಾಗನ್ನಿನ ಮೂಲೆಯೂ ಮುಕ್ಕಾದದ್ದಿಲ್ಲ.

೨. ಹೀಗಿರುವಲ್ಲಿ ಅರ್ಜಿದಾರನ ಮಗಳು ಎಂದಾಂಗ್, ಚಾಲಕರ ಮಗ ಗಿಲಾಂಗನನ್ನು ಮೆಚ್ಚಿ ಮದುವೆಯಾದಳು. ಸಂತೋಷವೇ. ಮದುವೆ ಊಟದಲ್ಲಿ ತಾವೂ ಇದ್ದಿರಿ, ಎರಡು ಸಲ ಬಡಿಸಿಕೊಂಡಿರಿ. ಆದರೆ ಅಂದಿನಿಂದ ಅರ್ಜಿದಾರ ಮತ್ತು ಚಾಲಕರು ಬೀಗರಾದ ಕಾರಣ, ನಮ್ಮ ಜಾವಾದ ಮಾತಿನಲ್ಲಿ ಗೆಳೆಯರಿಗೊಂದು ಭಾಷೆ, ಬೀಗರಿಗೇ ಒಂದು ಭಾಷೆ ಇರುವ ಕಾರಣ, ತೊಂದರೆ ಶುರುವಾಯಿತು. ಇದು ತಮಗೆ ತಿಳಿಯದ್ದೇನಲ್ಲ. ತಾವು ತಮ್ಮ ಬೀಗರೊಂದಿಗೆ ಫೋನಿನಲ್ಲಿ ಮಾತಾಡುವಾಗ ಕುರ್ಚಿಯಿಂದ ಎದ್ದು ನಿಲ್ಲುವುದನ್ನು ಅರ್ಜಿದಾರನು ಕಿಟಕಿಯಿಂದ ಕಂಡಿದ್ದಾನೆ.

ಮದುವೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಅರ್ಜಿದಾರ ಅಭ್ಯಾಸಬಲದಿಂದ "ಲೇ ಕೋಣ" ಎಂದುಬಿಟ್ಟ. ಗೇಟಿನ ಪಕ್ಕ ಸೋಯಾ ಕಾಳಿನ ತೆಂಪೆ ಕರಿದು ಮಾರುತ್ತಿದ್ದ ಚಾಲಕರ ಹೆಂಡತಿ ಲಸ್ಮಿನಿಯವರು ಜಾಲರಿ ಸೌಟು ಹಿಡಿದುಕೊಂಡೇ ಬೇಲಿಗೆ ಬಂದರು.

"ಏನ್ ಬೀಗ್ರೇ, ನಿಮ್ಮ ಮಗಳ ಮಾವನ್ನ ಊರೆಲ್ಲಾ ಕೇಳೋ ಹಾಗೆ ಕೋಣ ಅಂತೀರಲ್ಲ, ಆ ಹುಡುಗಿ ನಾಳೆ ನಮ್ಮನೇಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

ಅರ್ಜಿದಾರನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಆ ದಿನ ತೆಂಪೆಯೂ ಸಿಗಲಿಲ್ಲ.

೩. ಆದ್ದರಿಂದ ವಾಕಿಟಾಕಿಯಲ್ಲಿ ಬೀಗರ ಭಾಷೆ ಜಾರಿಗೆ ಬಂತು. ಮಾದರಿ:

"ಬೀಗ್ರೇ, ತಮಗೆ ತೊಂದ್ರೆ ಇಲ್ಲ ಅಂದ್ರೆ, ತಮ್ಮ ಎಂಜಿನ್ನು ಒಂಚೂರು ಹಿಂದಕ್ಕೆ ದಯಮಾಡಿಸ್ಬೇಕು."

"ಅಯ್ಯೋ, ತಾವು ಹೇಳೋದು ಹೆಚ್ಚೋ ನಾನು ಬರೋದು ಹೆಚ್ಚೋ. ತಮ್ಮದು ತಿಂಡಿ ಆಯ್ತಾ?"

"ತಮ್ಮ ಆಶೀರ್ವಾದ, ಆಯ್ತು. ಇನ್ನು ತಾವು ಅಲ್ಲೇ ನಿಲ್ಲೋ ಕೃಪೆ..."

ಕೃಪೆ ಎನ್ನುವಷ್ಟರಲ್ಲಿ ಸಿಮೆಂಟಿನ ವ್ಯಾಗನ್ನು ಪಕ್ಕದ ವ್ಯಾಗನ್ನಿಗೆ ಢೀ ಕೊಟ್ಟಾಗಿತ್ತು. ಅಲ್ಲದೆ ಮಾತು ಮುಗಿದ ಮೇಲೂ ಮೊದಲು ಬಟನ್ ಬಿಡುವುದು ಅಗೌರವವೆಂದು ಇಬ್ಬರೂ ಒತ್ತಿಕೊಂಡೇ ಇದ್ದ ಕಾರಣ ಉಳಿದವರ ವಾಕಿಟಾಕಿಗಳು ಮೂಕವಾದವು.

೪. ಆಗ ತಾವು "ಮನೆ ಮಾತು ಬೇಡ, ಆಫೀಸಿನ ಭಾಷೇಲೇ ಮಾತಾಡ್ರಪ್ಪಾ" ಎಂದಿರಿ. ಹಾಗೆಯೇ ಆಡಿದೆವು. ಸ್ವಂತ ಬೀಗರೊಡನೆ ವಾರ್ತೆ ಓದಿದಂತೆ ಮಾತಾಡುವುದನ್ನು ಕೇಳಿ, ಇಬ್ಬರಿಗೂ ಮನಸ್ತಾಪವಾಗಿದೆಯೆಂದು ಊರಿನಲ್ಲಿ ಗುಲ್ಲೆದ್ದಿತು. ಎಂದಾಂಗ್ ಅಳುತ್ತಾ ತವರಿಗೆ ಬಂದು "ಅಪ್ಪಾ, ನಮ್ಮ ಮಾವನ ಜೊತೆ ಯಾಕೆ ಜಗಳ ಆಡಿದೆ?" ಎಂದಳು. ಸದರಿ ಭಾಷೆಯನ್ನು ಅಂದೇ ಕೈಬಿಡಲಾಯಿತು.

೫. ಈಗ ಘಟನೆಯ ವಿಷಯ. ಎಂಜಿನ್ನು ಕೊನೆಯ ಹಳಿಯ ತುದಿಯಲ್ಲಿ ತಡೆಗೋಡೆಗೆ ಮುಖ ಮಾಡಿ ನಿಂತಿತ್ತು. ಆ ಗೋಡೆಯ ಹಿಂದಿನ ಕಂಬಕ್ಕೆ ತಾವು ಗಾಳಿಯಾಡಲೆಂದು ತಮ್ಮ ಬೆಳವದ ಪಂಜರ ನೇತುಹಾಕಿದ್ದಿರಿ. ಅರ್ಜಿದಾರ ಎಂಜಿನ್ನಿನ ಮುಂದೆ ಹಾದು ಆಚೆ ಬದಿಗೆ ಹೋಗಬೇಕಿತ್ತು. ಮೇಲೆ ಕೂತವರು ಬೀಗರು. ಗೌರವಸ್ಥರ ಮುಂದೆ ಹಾಯುವಾಗ ಸೊಂಟ ಬಗ್ಗಿಸಿ, ಬಲಗೈಯನ್ನು ನೆಲದತ್ತ ಇಳಿಬಿಟ್ಟು ಹೋಗಬೇಕೆಂದು ಅರ್ಜಿದಾರನ ತಾಯಿ ಹೊಡೆದು ಕಲಿಸಿದ್ದರು. ಹಾಗೆಯೇ ಹೊರಟ, ನಡೆದಂತೆ ಕೈಯೂ ಆಡಿತು.

ಆದರೆ ನಮ್ಮ ಯಾರ್ಡಿನಲ್ಲಿ ಬಲಗೈ ಇಳಿಬಿಟ್ಟು ಆಡಿಸಿದರೆ "ಮೆಲ್ಲಗೆ ನನ್ನತ್ತ ಬಾ" ಎಂದರ್ಥ.

ಚಾಲಕರಿಗೂ ಅನುಮಾನ ಬಂತಂತೆ. ಅನುಮಾನ ಬಂದರೆ ಕದಲಬಾರದೆಂಬುದೇ ನಿಯಮ. ಮೊದಲಾಗಿದ್ದರೆ ಕಿಟಕಿಯಿಂದ ತಲೆ ಹಾಕಿ, "ಏನೋ ಅದು, ಸೊಂಟ ಉಳುಕ್ತಾ?" ಎಂದು ಕೇಳಿಯೇಬಿಡುತ್ತಿದ್ದರು. ಬೀಗರ ಸನ್ನೆಯನ್ನು ಪ್ರಶ್ನಿಸುವುದು ಮರ್ಯಾದೆಯಲ್ಲವೆಂದು ಎಂಜಿನ್ನು ಮುಂದಕ್ಕೆ ಬಿಟ್ಟರು. ಅರ್ಜಿದಾರ ಕಪ್ಪೆಯಂತೆಯೇ ಹಾರಿ ಜಲ್ಲಿಯ ಮೇಲೆ ಬಿದ್ದ. ಟೋಪಿ ಹಳಿಯ ಮೇಲುಳಿಯಿತು. ಚಾಲಕರು ಬ್ರೇಕ್ ಹಾಕಿದರೂ ಎಂಜಿನ್ನು ತಡೆಗೋಡೆಯನ್ನು ಮುಟ್ಟಿ, ಕಂಬ ಅದುರಿ, ಪಂಜರ ಬಿತ್ತು. ಹಕ್ಕಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅದು ಗುಟುರು ಹಾಕಿಲ್ಲವೆಂದು ತಾವೇ ಹೇಳಿದ್ದೀರಿ.

೬. ಆಗ ನಡೆದದ್ದನ್ನು ಅರ್ಜಿದಾರ ತನಿಖೆಯಲ್ಲಿ ಹೇಳಿರಲಿಲ್ಲ. ಚಾಲಕರು ಎಂಜಿನ್ನಿನಿಂದ ಧುಮುಕಿ, ಅಪ್ಪಚ್ಚಿಯಾದ ಟೋಪಿ ನೋಡಿ, ಗಂಟಲು ಹರಿಯುವಂತೆ ಕೂಗಿದರು:

"ಲೇ ಕಪ್ಪೆ! ಎಲ್ಲೋ ಇದೀಯಾ? ಸತ್ತುಗಿತ್ತೀಯ ಜೋಕೆ, ಹಲ್ಲು ಉದುರಿಸ್ತೀನಿ!"

ಮಾನ್ಯರೇ, ಮೊಣಕೈಯಲ್ಲಿ ರಕ್ತ ಸುರಿಯುತ್ತಿತ್ತು, ನಾನು ನಗುತ್ತಿದ್ದೆ. ಮದುವೆಯಾದ ಮೇಲೆ ಮೊದಲ ಸಲ ಅವನು ನನ್ನನ್ನು ಕರೆದಿದ್ದ. ನನ್ನನ್ನು ಕಂಡ ಕೂಡಲೇ ನಾಲಿಗೆ ಕಚ್ಚಿಕೊಂಡು, ಅಂಗಿಯ ಗುಂಡಿ ಸರಿಮಾಡಿಕೊಂಡು, "ಬೀಗ್ರೇ, ತಾವು ಕ್ಷೇಮ ತಾನೇ?" ಎಂದ. ಆಗ ನಾನು ಅತ್ತೆ. ಮೊಣಕೈ ನೋವೆಂದು ಕಾಂಪೌಂಡರಿಗೆ ಹೇಳಿದೆ.

(ಮೇಲಿನ ಕಂಡಿಕೆಯಲ್ಲಿ ಅರ್ಜಿದಾರನು "ನಾನು" ಎಂದಿರುವುದು ಕಣ್ತಪ್ಪಿನಿಂದ. ಮನ್ನಿಸುವುದು.)

೭. ತಾವು ಇಬ್ಬರನ್ನೂ ಬೇರೆ ಮಾಡುವುದೇ ಪರಿಹಾರವೆಂದಿದ್ದೀರಿ. ಹೊಸ ಚಾಲಕರು ಒಳ್ಳೆಯವರೇ ಇರಬಹುದು. ಆದರೆ ಅರ್ಜಿದಾರ ಎರಡು ವ್ಯಾಗನ್ನುಗಳ ನಡುವೆ ನುಗ್ಗಿ ಕೊಂಡಿ ಹಾಕುವಾಗ, ಮೇಲೆ ಕೂತವನು ಕದಲಿಸಿಬಿಟ್ಟಾನೇ ಎಂದು ಒಮ್ಮೆಯೂ ತಿರುಗಿ ನೋಡಿದವನಲ್ಲ. ಅಂಥ ಇನ್ನೊಬ್ಬನನ್ನು ಈ ವಯಸ್ಸಿನಲ್ಲಿ ಎಲ್ಲಿಂದ ತರುವುದು?

ಆದ್ದರಿಂದ, ಮೇಲ್ಕಂಡ ಎಲ್ಲಾ ಕಾರಣಗಳ ಕಾರಣ, ತಾವು ದಯವಿಟ್ಟು

ಅ) ವರ್ಗಾವಣೆಯ ಆದೇಶವನ್ನು ಗೋಡೆಯಿಂದ ಕೀಳಿಸಿ,

ಆ) ಯಾರ್ಡಿನ ಬೇಲಿಯೊಳಗೆ ಕೆಲಸದ ಹೊತ್ತಿನಲ್ಲಿ ನಾವಿಬ್ಬರೂ ಬೀಗರಲ್ಲವೆಂದು ಮೊಹರು ಒತ್ತಿದ ಆದೇಶ ಹೊರಡಿಸಿ, ಅದರ ಒಂದು ಪ್ರತಿಯನ್ನು ಲಸ್ಮಿನಿಯವರ ತೆಂಪೆ ಬಾಣಲೆಯ ಮೇಲ್ಗಡೆ, ಎಣ್ಣೆ ಸಿಡಿಯದಷ್ಟು ಎತ್ತರದಲ್ಲಿ ಅಂಟಿಸಬೇಕಾಗಿ ಕೋರಿಕೆ. ಬೇಲಿಯಾಚೆ ಅರ್ಜಿದಾರ ಎಷ್ಟು ಬೇಕಾದರೂ ಬಗ್ಗುತ್ತಾನೆ.

ಇಂತಿ, ಗೇಟಿನೊಳಗೆ ತಮ್ಮ ವಿಶ್ವಾಸಿ, ಗೇಟಿನಾಚೆ ಪಾರ್ಜಿಯೋನೋರವರ ವಿನೀತ ಬೀಗ,
ತುಕಿಮಾನ್

ಅಡಕಗಳು:
ಟೋಪಿ, ಒಂದು (ಚಪ್ಪಟೆ).
ಮದುವೆಯ ಫೋಟೊ. ಇದರಲ್ಲಿ ಬೀಗರಿಬ್ಬರೂ ಪರಸ್ಪರ "ತಾವು ಮೊದಲು ಕೂತ್ಕೊಳ್ಳಿ" ಎನ್ನುತ್ತಾ ನಿಂತೇ ಇರುವುದನ್ನು ಗಮನಿಸುವುದು.
ಚಾಲಕರ ಒಪ್ಪಿಗೆ, ಈ ಕೆಳಗಿನಂತೆ.

"ಪರಮ ಗೌರವಾನ್ವಿತ ಬೀಗರು ನಿವೇದಿಸಿರುವುದೆಲ್ಲವೂ ಸತ್ಯವೆಂದು ದೃಢೀಕರಿಸುತ್ತೇನೆ. ಸಹಿ, ಪಾರ್ಜಿಯೋನೋ, ಚಾಲಕ."

(ಅದರ ಕೆಳಗೆ, ಪೆನ್ಸಿಲ್ಲಿನಲ್ಲಿ) "ಲೇ ಕಪ್ಪೆ, ಇಷ್ಟುದ್ದ ಬರೀಬೇಕಿತ್ತೇನೋ? ಹೊಸ ಟೋಪಿ ತಂದಿಟ್ಟಿದೀನಿ, ಎಂಜಿನ್ ಹತ್ರ ಬಂದು ತಗೊಂಡೋಗು. ಬಗ್ಗಬೇಡ."

ವಿ.ಸೂ.: ಅರ್ಜಿ ನಾಮಂಜೂರಾದ ಪಕ್ಷದಲ್ಲಿ, ಪೆನ್ಸಿಲ್ಲಿನ ಬರಹವಿರುವ ಈ ಹಾಳೆಯನ್ನು ಅಳಿಸದೆ ಅರ್ಜಿದಾರನಿಗೆ ಹಿಂದಿರುಗಿಸಬೇಕಾಗಿ ಪ್ರಾರ್ಥನೆ.